ಹದಿನೈದು ಮನೆಯ ಕಾರ್ಡು

ಲ್ಯಾಮಿಂಗ್ಟನ್ ರಸ್ತೆಯ ಘನಿಭಾಯಿ ಒಂಬೈನೂರಕ್ಕೆ ಕೊಟ್ಟ
ಬೂದು ಡಬ್ಬಿಯ ಮುಚ್ಚಳಕ್ಕೆ ರಬ್ಬರ್ ಬ್ಯಾಂಡು ಸುತ್ತಿತ್ತು.
ಜೊತೆಗೊಂದು ಜಪಾನಿ ಆಟ, ಒಂದು ಮೆಮೊರಿ ಕಾರ್ಡು.
"ಕಾರ್ಡು ಫ್ರೀ," ಅಂದ, "ತುಂಬಿದೆ, ಅಳಿಸಿಕೋ."

ಭಾಂಡುಪಿನ ಖೋಲಿಗೆ ತಂದು, ಮಾವಶಿಯ ಟೀವಿಗೆ ಸಿಕ್ಕಿಸಿ ನೋಡಿದರೆ
ಹದಿನೈದು ಮನೆ, ಹದಿನೈದರಲ್ಲೂ ಒಬ್ಬನೇ ಬಾಡಿಗೆದಾರ.
ತೊಂಬತ್ತೇಳು ತಾಸು, ನಲವತ್ತು ನಿಮಿಷ.
ಹೆಸರಿನ ಜಾಗದಲ್ಲಿ ಒಂದೇ ಅಕ್ಷರ ನಾಲ್ಕು ಸಲ:
ಲಿಪಿ ಬಾರದೆ ಗುಂಡಿ ಒತ್ತಿದವನ ಹೆಸರು.
ನನ್ನಂಥವನೇ.

ವಾರವಿಡೀ ಮುಲುಂಡಿನ ಲ್ಯಾಬಿನಲ್ಲಿ
ರಕ್ತದ ಶೀಶೆಗಳಿಗೆ ಹೆಸರು ಅಂಟಿಸುವವಳು ನಾನು.
ಕೀಳುವುದು ಕೈಗೆ ಒಗ್ಗಲಿಲ್ಲ.
ಅದಕ್ಕೇ ಉಳಿಸದೆ ಆಡಿದೆ:
ಭಾನುವಾರ ಬೆಳಿಗ್ಗೆ ಲೋಕ ಶುರು,
ಸಂಜೆ ಮಾವಶಿಯ ಸೀರಿಯಲ್ಲಿಗೆ ಲೋಕ ಬಂದ್.

ಮೊದಲಿಗೆ ಏಳು ಜನ ಸಾಲಾಗಿ ನಿಲ್ಲುತ್ತಾರೆ.
ಯಾರಾಗುತ್ತೀ, ಎಲ್ಲಿಗೆ ಹೋಗುತ್ತೀ, ಹೇಳುವವರಿಲ್ಲ.
ಪಟ್ಟ ಬಿಟ್ಟ ರಾಣಿಯಾಗಿ ಹೊರಟೆ;
ಹನ್ನೊಂದು ಗಂಟೆಗೆ ಕಪ್ಪೆಗಳು ಕೊಂದವು.
ಮುಂದಿನ ವಾರ ಜಾಣತನ ಮಾಡಿದೆ.
ಮೂರು ತಾಸು ಹುಲ್ಲುಗಾವಲು ಬಿಡದೆ
ಕಪ್ಪೆ ಹೊಡೆದೆ, ಕಪ್ಪೆ ಹೊಡೆದೆ, ಬಲಿತೆ.
ಬಲಿತು ತಿರುಗಿ ನೋಡಿದರೆ ಕಪ್ಪೆಗಳಿಗೂ ಕೊಂಬು!
ನಾನು ಚಾಪೆ ಕೆಳಗೆ ತೂರಿದರೆ
ಆಟ ರಂಗೋಲಿ ಕೆಳಗೆ ತೂರಿತ್ತು.

"ಸೋಲೋಕೆ ದುಡ್ಡು ಕೊಟ್ಟೆಯಾ?" ನಕ್ಕಳು ಲ್ಯಾಬಿನ ತನುಜಾ.
ನಾನು ಹಳೇ ರಿಪೋರ್ಟುಗಳ ಬೆನ್ನ ಮೇಲೆ ಬರೆದುಕೊಳ್ಳುತ್ತಿದ್ದೆ:
ಎರಡಕ್ಷರ ಬಂದರೆ ಹೌದು. ಮೂರಕ್ಷರ ಬಂದರೆ ಇಲ್ಲ.
ಕೊಡೆಯ ಗುರುತಿನ ಅಂಗಡಿಯವ ಸುಳ್ಳ.
ಓಡುವುದಕ್ಕೊಂದು ಗುಂಡಿ ಇದೆ, ನಾಚಬೇಡ.
ಕಡಿಮೆ ಕಾದಾಡಿದವರು ದೂರ ಹೋಗುತ್ತಾರೆ.
(ಈ ಕೊನೆಯದಕ್ಕೆ ನಾಲ್ಕು ಭಾನುವಾರ ಹಿಡಿಯಿತು.)

ಅದೇ ಊರು. ರಾಣಿಗೆ ರೊಟ್ಟಿಯಂಗಡಿಯ ಬಾಗಿಲು ಮುಚ್ಚಿತು,
ಬಾಲ ಸುಟ್ಟ ನರಿಗೆ ಕಲ್ಲು ಬಿತ್ತು,
ಗಡಿಯಾರ ರಿಪೇರಿಯ ಮುದುಕನಾಗಿ ಹೋದ ದಿನ
ಗಂಟೆ ಗೋಪುರದ ಬೀಗವೇ ತೆಗೆದರು!
ಮೇಲಿಂದ ಕಂಡೆ, ಇಷ್ಟು ದಿನ ಸತ್ತ ಜಾಗಗಳನ್ನೆಲ್ಲ,
ಒಂದೊಂದೂ ಅಂಗೈಯಷ್ಟು.
ಕಟ್ಟೆಯ ದೋಣಿ ಮಾತ್ರ ಯಾರಿಗೂ ಕಾಯುತ್ತಿರಲಿಲ್ಲ.
ಸಿದ್ಧವಾಗಿದ್ದರೂ ಆಗದಿದ್ದರೂ
ನಾಲ್ಕನೇ ತಾಸಿಗೆ ಹೊರಡುತ್ತಿತ್ತು, ನಮ್ಮ ಫಾಸ್ಟ್ ಲೋಕಲ್ಲಿನ ಹಾಗೆ.

ಒಂದು ಭಾನುವಾರ, ಜ್ವರವಿತ್ತು, ಅವನ ಮನೆ ತೆರೆದೆ.
ಕೊನೆಯ ಬಾಗಿಲಲ್ಲಿ ನಿಂತಿರುತ್ತಾನೆ ಅಂದುಕೊಂಡಿದ್ದೆ.
ಕಟ್ಟೆಯ ಮೇಲಿದ್ದ.
ಎಲ್ಲರೂ ಬಿಡುವ ಆ ನರಿಯನ್ನೇ
ಕೊನೇ ಮೆಟ್ಟಿಲವರೆಗೆ ಬೆಳೆಸಿದ್ದ.
ಚೀಲದಲ್ಲಿ ತೊಂಬತ್ತೊಂಬತ್ತು ಮದ್ದಿನ ಕುಪ್ಪಿ, ಒಂದೂ ಒಡೆದಿಲ್ಲ;
ಯಾವ ಗಾಯಕ್ಕೆಂದು ಕೂಡಿಟ್ಟನೋ.
ದೋಣಿಯವಳು ಏನೋ ಕೇಳುತ್ತಾಳೆ,
ಎರಡಕ್ಷರ, ಮೂರಕ್ಷರ.
ನಾನೂ ಸುಮ್ಮನೆ ನಿಂತೆ.
ಮಾವಶಿ ಮಿಕ್ಸರ್ ಹಾಕಿದಳು, ಫ್ಯೂಸು ಹೋಯಿತು.

ಆಮೇಲೆ ಬೋನಸ್ಸಿನಲ್ಲಿ ಇನ್ನೊಂದು ಕಾರ್ಡು ಕೊಂಡೆ.
ಉಳಿಸುತ್ತ ಉಳಿಸುತ್ತ ಆಡಿ, ಮುದುಕನಾಗಿ
ಅರವತ್ತೊಂದು ತಾಸಿಗೆ ಗೆದ್ದೆ.
ಓದಲಾಗದ ಹೆಸರುಗಳು ಮೇಲಕ್ಕೆ ಹೋದವು, ಬಹಳ ಹೊತ್ತು.
ಮತ್ತೆ ಅದೇ ಏಳು ಜನ ಸಾಲಾಗಿ ಬಂದು ನಿಂತರು.
ಒಬ್ಬರೂ ನನ್ನ ಗುರುತು ಹಿಡಿಯಲಿಲ್ಲ,
ಗೆಲ್ಲಿಸಿದ ಮುದುಕ ಕೂಡ.

ಹಳೇ ಕಾರ್ಡು ಸೂಜಿ-ದಾರದ ಡಬ್ಬಿಯಲ್ಲಿದೆ.
ಆಗಾಗ ಹಾಕುತ್ತೇನೆ. ಎರಡಕ್ಷರ ಒತ್ತುತ್ತೇನೆ.
ದೋಣಿ ಹೊರಡುತ್ತದೆ, ನರಿ ಮೂತಿಯೆತ್ತಿ ಕೂರುತ್ತದೆ,
ನೀರು ಚೌಕ ಚೌಕವಾಗಿ ಹಿಂದೆ ಸರಿಯುತ್ತದೆ.
"ಸಂಪ್ಲಾ ಕಾ ಗೋ?" ಅನ್ನುತ್ತಾಳೆ ಮಾವಶಿ, ರಿಮೋಟು ಹಿಡಿದು.
ಉಳಿಸದೆ ಆರಿಸುತ್ತೇನೆ.
ತೊಂಬತ್ತೇಳು ತಾಸು, ನಲವತ್ತು ನಿಮಿಷ.