ಬಿಳಿ ಟೇಪು

ನಿಯಮ ಮೂರು: ಚಿತ್ರ ತಿದ್ದಿರಬಾರದು.
ಬಳ್ಳಾರಿಯ ಸ್ಪರ್ಧೆಯವರ ಕರಪತ್ರದಲ್ಲಿ
ದಪ್ಪ ಅಕ್ಷರ, ಕೆಳಗೊಂದು ಗೆರೆ ಬೇರೆ.
ನಾನು ಎರಡು ಕಳಿಸಿದೆ, ಸ್ವಲ್ಪ ಕೊಬ್ಬಿನಿಂದಲೇ:
ತಿದ್ದಿದ್ದೊಂದು, ತಿದ್ದದ್ದೊಂದು.
ನಡುವೆ ಒಂದು ಗುಡಿಸಿನಷ್ಟು ದೂರ.

ಹುಡುಗಿ ಅದೇ, ನಾಗವೇಣಿ, ಏಳನೇ ಕ್ಲಾಸು.
ರಸ್ತೆ ಅದೇ, ಸಂಡೂರಿನಿಂದ ತೋರಣಗಲ್ಲಿಗೆ
ಅದಿರು ಹೊತ್ತ ಟಿಪ್ಪರು ಉರುಳುವುದು.
ಮನೆ ಬಿಟ್ಟಾಗ ಬೆಳ್ಳಗಿದ್ದ ಜಡೆಯ ಟೇಪು
ಶಾಲೆಯ ಗೇಟು ಮುಟ್ಟುವಷ್ಟರಲ್ಲಿ ಕಾವಿ.
ಅಂಗಿಯ ಕಾಲರೂ. ರೆಪ್ಪೆಯೂ. ಬೇಲಿಯ ಜಾಲಿಯೂ.
ಕಂಡದ್ದನ್ನು ಕಂಡ ಹಾಗೇ ಹಿಡಿದೆ,
ಒಂದು ಚಿಟಿಕೆ ಬಣ್ಣ ಮುಟ್ಟಲಿಲ್ಲ.

ಅದು ತಿದ್ದದ್ದು.

ಇನ್ನೊಂದಕ್ಕೆ ಒಂದಿಡೀ ರಾತ್ರಿ ಕೂತು
ಕಂಪ್ಯೂಟರಿನಲ್ಲಿ ಕೆಂಪು ಇಳಿಸಿದೆ,
ಟೇಪನ್ನು ಎಳೆ ಎಳೆಯಾಗಿ ಒಗೆದೆ,
ಜಾಲಿಗೆ ಅದರ ಹಸಿರು ವಾಪಸು ಕೊಟ್ಟೆ.

ಮೊದಲನೆಯದನ್ನು ಹೊರಗಿಟ್ಟರು. ಷರಾ:
‘ಬಣ್ಣ ಸುರಿದಿದ್ದಾರೆ. ಇಷ್ಟು ಕೆಂಪು ಎಲ್ಲೂ ಇರುವುದಿಲ್ಲ.’
ಎರಡನೆಯದಕ್ಕೆ ಸಮಾಧಾನಕರ ಬಹುಮಾನ, ಗೋಡೆ ಗಡಿಯಾರ.
‘ಸಹಜ ಸುಂದರ.’
ಬಸ್ಸಿನಲ್ಲಿ ಗಡಿಯಾರ ತೊಡೆಯ ಮೇಲಿಟ್ಟುಕೊಂಡು ನಕ್ಕೆ.
ಕುಡತಿನಿ ದಾಟಿದ ಮೇಲೆ ನಗು ಬರಲಿಲ್ಲ.

ಕೌಲ್‌ಬಜಾರಿನ ಲಾಡ್ಲೇಸಾಬರು ಬದುಕಿದ್ದರೆ ಕೇಳಬಹುದಿತ್ತು.
ಅವರ ಕತ್ತಲೆ ಕೋಣೆಯಲ್ಲಿ ನಾಲ್ಕು ವರ್ಷ ಟ್ರೇ ತೊಳೆದವಳು ನಾನು.
ಬೆಳಕಿಗೂ ಕಾಗದಕ್ಕೂ ನಡುವೆ ಅವರ ಅಂಗೈ ಆಡುತ್ತಿತ್ತು
ಮಲಗಿದ ಮಗುವಿನ ಮೇಲೆ ನೊಣ ಓಡಿಸಿದಂತೆ.
ಮದುಮಗಳ ಕೆನ್ನೆಗೆ ಎರಡೆಣಿಕೆ ನೆರಳು:
ನೆರಳು ಹಿಡಿದಷ್ಟೂ ಕೆನ್ನೆ ತಿಳಿಯಾಗುವುದು.
ಅಜ್ಜನ ರುಮಾಲಿಗೆ ಐದೆಣಿಕೆ ಬೆಳಕು ಹೆಚ್ಚು.
“ಕ್ಯಾಮೆರಾ ನೋಡ್ತೈತೆ ಬೇಟಿ, ತೋರ್ಸಲ್ಲ.
ತೋರ್ಸೋದು ಕೈ.”
ಊರಿನ ಅರ್ಧ ಗೋಡೆಗಳ ಮೇಲೆ
ಆ ಕೈ ಈಗಲೂ ಇದೆ. ಯಾರಿಗೂ ಕಾಣದು.

ಪಾಲಾದ ಮನೆಯವರು ಒಮ್ಮೆ ಬಂದು
ಗ್ರೂಪ್ ಫೋಟೋದಿಂದ ತಮ್ಮನನ್ನು ತೆಗೀರಿ ಅಂದಾಗ
ಅದೇ ಕೈ ಬ್ಲೇಡು ಹಿಡಿದು ಕೆರೆಯಿತು,
ಅವನಿದ್ದಲ್ಲಿ ಪರದೆಯ ಮಡಿಕೆ ಎಳೆಯಿತು.
ಅಣ್ಣನ ಭುಜದ ಮೇಲೆ ನಾಲ್ಕು ಬೆರಳು ಉಳಿದವು.
ಮರೆತರೋ, ಬಿಟ್ಟರೋ.
ಕೇಳಿದೆ. ಬೀಡಿ ಹಚ್ಚಿದರು.

ನಾನು ಅಕ್ಷರ ಕಲಿತದ್ದೂ ತಿದ್ದಿಯೇ.
ಪಾಟಿಯ ಮೇಲೆ ಅಕ್ಕೋರು ಬರೆದ ‘ಅ’
ಅದರ ಮೇಲೆ ನನ್ನ ಬಳಪ, ಮತ್ತೆ ಬಳಪ,
ಗೆರೆ ಕೋಳಿಯ ಕಾಲಷ್ಟು ದಪ್ಪವಾಗುವ ತನಕ.
ಎಷ್ಟನೇ ಸುತ್ತಿಗೆ ಅದು ಅವರದಾಗಿ ಉಳಿಯಲಿಲ್ಲ?

ಎರಡೂ ಪ್ರಿಂಟು ಹಿಡಿದು ಹುಡುಗಿಯ ಮನೆಗೆ ಹೋದೆ.
ತಾಯಿ ಹುಲಿಗೆಮ್ಮ ಕೈ ಒರೆಸಿಕೊಂಡು ನೋಡಿದಳು.
ನಿಜವಾದದ್ದನ್ನೇ ಆರಿಸುತ್ತಾಳೆ,
ಅದನ್ನು ಬರೆದು ಸ್ಪರ್ಧೆಯವರಿಗೆ ಕಳಿಸಬೇಕು ಅಂತಿದ್ದೆ.

“ಕೆಂಪಂದು ದಿನಾ ನೋಡ್ತೀನಿ. ಬಿಳೇದು ಕೊಡವ್ವ.
ಭಾನುವಾರಕ್ಕೊಮ್ಮೆ ಸೋಡಾ ಹಾಕಿ ಕುದಿಸಿ
ಕಲ್ಲಿಗೆ ಬಡಿದು ಬೆಳ್ಳಗೆ ಮಾಡಿದ್ದು
ಹತ್ತು ನಿಮಿಷ ಇರ್ತೈತೆ.
ಆ ಹತ್ತು ನಿಮಿಷದ್ದು ಯಾರು ತೆಗ್ದಾರೆ ಫೋಟೋ?”

ಬಾಗಿಲ ಪಕ್ಕ ಮೊಳೆ ಹೊಡೆದು ತೂಗುಹಾಕಿದಳು.
ಗಡಿಯಾರವನ್ನೂ ಅವಳಿಗೇ ಕೊಟ್ಟು ಬಂದೆ.

ತಿಂಗಳು ಬಿಟ್ಟು ಹೋದರೆ
ಗಾಜಿನ ಮೇಲೆ ಅದಿರಿನ ಧೂಳು,
ಟೇಪು ಮತ್ತೆ ಕಾವಿ.
ಕ್ಯಾಮೆರಾ ಹೆಗಲಲ್ಲೇ ಇತ್ತು, ಕೈ ಹೋಗಲಿಲ್ಲ.
ಕೂಡ್ರು ಚಾ ಇಡ್ತೀನಿ ಅನ್ನುತ್ತಲೇ ಹುಲಿಗೆಮ್ಮ
ಗಾಜಿಗೆ ಉಸಿರು ಊದಿ, ಸೆರಗಿನ ತುದಿಯಿಂದ
ಒರೆಸಿದಳು,
ಜಡೆ ಇದ್ದಷ್ಟೇ ಜಾಗ.