ನಾಲ್ಕನೆಯ ಕರಡು

ಜನವರಿ. ಲೇವಾರ್ಡೆನ್. ಕಾಲುವೆಗೆ ಮಂಜುಗಡ್ಡೆಯ ಮುಚ್ಚಳ.
ಪಕ್ಷದ ಕಚೇರಿಯ ಮಹಡಿಯಲ್ಲಿ ಒಂದೇ ಒಲೆ,
ಅದರ ಸುತ್ತ ಸಮಿತಿಯ ಹನ್ನೊಂದು ಮಂದಿ.
ಬಾಗಿಲ ಪಕ್ಕದ ಚಳಿಯಲ್ಲಿ ಟೈಪ್‌ರೈಟರಿನೊಡನೆ ನಾನು, ಯಿಟ್ಸ್ಕೆ.
ಇಲ್ಲಿ ನನಗೆ ಮತವಿಲ್ಲ. ಬೆರಳಿವೆ.

ಅದನ್ನು ಯುದ್ಧ ಅನ್ನುವಂತಿರಲಿಲ್ಲ ಆಗ,
ಪೊಲೀಸ್ ಕಾರ್ಯಾಚರಣೆ ಅನ್ನಬೇಕಿತ್ತು.
ಹಡಗು ಹಡಗು ತುಂಬಿ, ಮೀಸೆ ಮೂಡದ ಹುಡುಗರ ಕೈಗೆ
ಬಂದೂಕು ಕೊಟ್ಟು ಜಾವಾಕ್ಕೆ ಕಳಿಸಿದ ಪೊಲೀಸರು.
"ಕಳ್ಳರನ್ನು ಹುಡುಕುತ್ತಿದ್ದೇವೆ ಅಕ್ಕಾ,
ಆದರೆ ಇದು ಅವರದೇ ಮನೆ ಅನಿಸುತ್ತೆ"
ಅಂತ ಬರೆದಿದ್ದ ತಮ್ಮ ವೋಪ್ಕೆ.
ಸೆನ್ಸಾರಿನವನ ಕಣ್ಣಿಗೆ ಆ ಸಾಲು ಹೇಗೋ ತಪ್ಪಿತ್ತು.

ಮೊದಲ ಕರಡು ಮೈಂಡರ್ಟ್ ಮೇಷ್ಟ್ರು ಹೇಳಿ ಬರೆಸಿದ್ದು.
ಒಂದೇ ವಾಕ್ಯ:
ಈ ಯುದ್ಧವನ್ನು ನಿಲ್ಲಿಸಿ.
ಅಷ್ಟೆ. ಆದರೆ ಇಲ್ಲ, ಆದಾಗ್ಯೂ ಇಲ್ಲ.
ಟೈಪು ಮಾಡುವಾಗ ಒಲೆಯೇ ಎದ್ದು
ನನ್ನ ಹತ್ತಿರ ಬಂದು ಕೂತಂತಾಯಿತು.

ಕಾರ್ಯದರ್ಶಿ ಹೋಯ್ಟೆಮಾ ಕನ್ನಡಕ ಒರೆಸಿಕೊಂಡರು.
"ನಮ್ಮವರೂ ಮಂತ್ರಿಗಳಾಗಿದ್ದಾರೆ, ಮರೆಯಬೇಡಿ.
ನಾವು ಹೊರಗೆ ಬಿದ್ದರೆ ಒಳಗೆ ಉಳಿಯುವವರು ಯಾರು?
ಮುದುಕರ ಪಿಂಚಣಿ ಯಾರ ಕೈಗೆ ಹೋಗುತ್ತೆ?
ಯುದ್ಧ ನಿಲ್ಲಲಿ, ಯಾರು ಬೇಡ ಅಂದರು,
ಸರಕಾರ ಮಾತ್ರ ಬೀಳಬಾರದು."

ಎರಡನೆಯ ಕರಡು: ನಿಲ್ಲಿಸಬೇಕು.
ಮೂರನೆಯದು: ಆದಷ್ಟು ಬೇಗ, ಹಂತ ಹಂತವಾಗಿ, ನಿಲ್ಲಿಸುವುದು ಒಳಿತು.

ಆಗ ಎದ್ದಳು ಗ್ರಿಟ್ಯೆ, ಮೀನಿನ ಡಬ್ಬಿ ಕಾರ್ಖಾನೆಯವಳು.
ಸದಸ್ಯತ್ವದ ಪುಸ್ತಕವನ್ನು ಮೇಜಿನ ಮೇಲೆ ಬಿಚ್ಚಿಟ್ಟಳು.
ವಂತಿಗೆಯ ಸ್ಟಾಂಪು ವಾರ ತಪ್ಪದೆ ಅಂಟಿಸಿದ್ದಳು,
ಜರ್ಮನರಿದ್ದ ಐದು ವರ್ಷದ ಪುಟಗಳಷ್ಟೇ ಖಾಲಿ.
ಆ ಖಾಲಿಯ ಮೇಲೆ ಬೆರಳಿಟ್ಟು ಕೇಳಿದಳು:
"ಅವರಿಗೆ ನಾವು
ಹಂತ ಹಂತವಾಗಿ ಹೋಗಿ ಅಂದಿದ್ದೆವಾ?"

ಯಾರೋ ಕಾಫಿ ಇದೆಯಾ ಅಂದರು.
ಇರಲಿಲ್ಲ. ರೇಷನ್ನು ಮುಗಿದಿತ್ತು.
ಪುಸ್ತಕವನ್ನು ಅಲ್ಲೇ ಬಿಟ್ಟು ಮೆಟ್ಟಿಲಿಳಿದು ಹೋದಳು,
ಮರದ ಚಪ್ಪಲಿಯ ಸದ್ದು ಕೆಳಗಿನ ಬೀದಿಯವರೆಗೂ ಕೇಳುತ್ತಿತ್ತು.

ನಾಲ್ಕನೆಯ ಕರಡು: ಪರಿಸ್ಥಿತಿ ಪಕ್ವವಾದಾಗ
ನಿಲ್ಲಿಸುವ ಸಾಧ್ಯತೆಯನ್ನು ಪರಿಶೀಲಿಸಬಹುದು.
ಬೇಕು ಸತ್ತು ಬಹುದು ಹುಟ್ಟಿತು.
ಅಡ್ಡಗೋಡೆಯ ಮೇಲೆ ದೀಪ; ಆ ಕಡೆಗೂ ಬೆಳಕು, ಈ ಕಡೆಗೂ.
ಆರು ಕೈ ಮೇಲೆ, ನಾಲ್ಕು ಕೆಳಗೆ.
ಆರನೆಯದು ಮೈಂಡರ್ಟ್ ಮೇಷ್ಟ್ರದು. ಬೆರಳಲ್ಲಿ ಇನ್ನೂ ಸೀಮೆಸುಣ್ಣ.
ನಾನು ನೋಡಿದೆ ಅಂತ ಅವರಿಗೆ ಗೊತ್ತಾಯಿತು.

ಬಿಟ್ಟ ಹಾಳೆಗಳನ್ನು ಮುದುರಿ ಚೀಲಕ್ಕೆ ಹಾಕಿಕೊಂಡೆ.
ಕಾಗದ ದುಬಾರಿ, ಮನೆಯಲ್ಲಿ ಏನಕ್ಕಾದರೂ ಬರುತ್ತೆ.

ಆಮೇಲೆ ಯುದ್ಧ ನಿಂತಿತು.
ನಮ್ಮ ಠರಾವು ಓದಿ ಅಲ್ಲ. ಅದನ್ನು ಯಾರು ಓದಿದರೋ.
ಹಡಗುಗಳು ರಾಟರ್‌ಡ್ಯಾಮಿಗೆ ವಾಪಸು ಬಂದವು.
ಬ್ಯಾಂಡು ಇರಲಿಲ್ಲ; ಪ್ರತಿ ಹಡಗಿಗೂ ಹೋಗಿ ನಿಂತೆವು
ಅಮ್ಮ ಮತ್ತು ನಾನು, ಕೊನೆಯ ಹಡಗಿನವರೆಗೂ,
ತಂತಿ ಬಂದು ಒಂದು ವರ್ಷವಾಗಿದ್ದರೂ.

ಈಗ ಮತ್ತೆ ಚುನಾವಣೆ.
ಆ ಯುದ್ಧ ಬೇಕು ಅಂದವರು ಊರಲ್ಲಿ ಒಬ್ಬರೂ ಸಿಗುವುದಿಲ್ಲ.
ಅಷ್ಟು ಜನ, ಎಲ್ಲಿ ಹೋದರೋ.
ನಿನ್ನೆ ಹೋಯ್ಟೆಮಾ ನನ್ನ ಮೇಜಿನ ಹತ್ತಿರ ಬಂದರು, ಟೋಪಿ ಕೈಯಲ್ಲಿ:
"ಯಿಟ್ಸ್ಕೆ, ಆ ಮೊದಲ ಕರಡು... ತಾರೀಖು ಇತ್ತಲ್ಲವಾ ಅದರಲ್ಲಿ?
ನಾವು ಆಗಲೇ ಹೇಳಿದ್ದೆವು ಅಂತ ಅಚ್ಚು ಹಾಕಿಸೋಣ."

ಇದೆ, ಅಂದೆ.
ವೋಪ್ಕೆಯ ಭಾನುವಾರದ ಬೂಟಿನಲ್ಲಿದೆ, ಎಡಗಾಲಿನದರಲ್ಲಿ.
ಬಲಗಾಲಿನದಕ್ಕೆ ಇನ್ನೆರಡು ಹಿಡಿದವು.
ಆಕಾರ ಕೆಡಬಾರದು ಅಂತ ಅಮ್ಮ ತುರುಕಿದ್ದು.
ಶನಿವಾರ ಶನಿವಾರ ಪಾಲಿಶು ಹಾಕುತ್ತಾಳೆ.
ತೆಗೆದರೆ ಚರ್ಮ ಕುಸಿಯುತ್ತೆ.

ಬಂದು ಕೇಳಬಹುದು, ಅಂದೆ,
ಅಮ್ಮನನ್ನು.