ಹಳದಿ ಬಾಣ

ಎಸ್.ಪಿ. ರಸ್ತೆಯ ಹಳೇ ಕಟ್ಟಡ, ಎರಡನೇ ಮಹಡಿ,
ಮೆಟ್ಟಿಲ ತಿರುವಲ್ಲಿ ನನ್ನ ಮೂರಡಿ ಅಂಗಡಿ:
ಒಂದು ಸೂಕ್ಷ್ಮದರ್ಶಕ, ಒಂದು ಬಿಸಿ ತಟ್ಟೆ,
ಚಿಮುಟ, ಗಾಜು ಬಿಡಿಸುವ ತಂತಿ.
ಕರೆಂಟು ಹೋದ ಹೊತ್ತಿಗೇ ಬಂದರು
ಥಣಿಸಂದ್ರದ ಆಟೋ ಚಿಕ್ಕಮುನಿಯಪ್ಪ.
"ಜಬೀನಮ್ಮ, ಫೋನಿಗೇನೋ ಕಲೆ.
ಅಂಗಿ ಚುಂಗಲ್ಲಿ ಒರೆಸಿದೆ, ಎಂಜಲಲ್ಲಿ ಒರೆಸಿದೆ,
ನಮ್ಮನೆಯೋಳು ವಿಭೂತೀನೂ ಹಾಕಿ ಉಜ್ಜಿದಳು."

ಬರೀ ಬಿಳಿ ಇರುವ ಚಿತ್ರ ತೆರೆದೆ.
ನಡುವಿಗಿಂತ ತುಸು ಕೆಳಗೆ
ಅರಿಶಿನದ ಬೆರಳು ಒತ್ತಿದಂತೆ
ಒಂದು ಬಾಣ, ಮೇಲ್ಮುಖ.

ಹಳೇ ಪರದೆಗಳ ಬೆನ್ನಿಗೆ ದೀಪ ಇರುತ್ತೆ, ಅಂದೆ,
ಸದಾ ಉರಿಯೋ ದೀಪ. ಮುಂದೆ ಕಿಟಕಿ ಮುಚ್ಚಿ
ಕತ್ತಲೆ ಅಂತ ನಂಬಿಸ್ತಾರೆ;
ಸಂದಿಯಲ್ಲಿ ಸೋರ್ತಾನೇ ಇರುತ್ತೆ.
ಇದು ಹಾಗಲ್ಲ. ಚುಕ್ಕಿ ಚುಕ್ಕಿಗೂ ಅದರದೇ ದೀಪ.
ಕಪ್ಪು ಬೇಕಾ, ಆರುತ್ತೆ. ಅಷ್ಟೇ.

"ಎಣ್ಣೆ ಯಾವುದು?"
ಕೂದಲನ್ನ ನೂರು ಸೀಳು ಸೀಳಿದಷ್ಟು ತೆಳು ಪದರ.
ಆರ್ಗ್ಯಾನಿಕ್ ಅಂತಾರೆ.
"ಜಯನಗರದ ಅಂಗಡಿ ರಾಗಿ ಥರಾನಾ? ಎರಡರಷ್ಟು ರೇಟು?"
ರೇಟೇನೋ ನಿಜ. ಇದು ಇಂಗಾಲದ ಸಂಸಾರ ಚಿಕ್ಕಪ್ಪ,
ಬೆಲ್ಲ, ಕರ್ಪೂರ, ನಿಮ್ಮ ಉಗುರು, ಎಲ್ಲ ದಾಯಾದಿಗಳು.
ಆ ಕಡೆಯಿಂದ ಒಂದು ಎಲೆಕ್ಟ್ರಾನು ಬರುತ್ತೆ,
ಈ ಕಡೆಯಿಂದ ಒಂದು ಖಾಲಿ ಜಾಗ ನಡೆದು ಬರುತ್ತೆ.
"ಖಾಲಿ ಜಾಗ ನಡೆಯುತ್ತಾ?"
ಸಿಲ್ಕ್ ಬೋರ್ಡಲ್ಲಿ ಮುಂದಿನ ಗಾಡಿ ಮಾರುದ್ದ ಸರಿದರೆ
ಆ ಸಂದು ಒಬ್ಬೊಬ್ಬರನ್ನೇ ದಾಟಿ
ಹಿಂದೆ ನಿಮ್ಮ ತನಕ ಬರಲ್ವಾ?
ಹಾಗೆ. ಎರಡೂ ಕೂಡಿದ ಕಡೆ ಮಿಣಕ್ ಅನ್ನುತ್ತೆ.

ತಲೆಯಾಡಿಸಿದರು. ಸಿಲ್ಕ್ ಬೋರ್ಡು
ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಕೆಂಪು ಹಸಿರು ಗಟ್ಟಿ ಜೀವ, ನೀಲಿ ಬೇಗ ಸೊರಗುತ್ತೆ.
ರಾತ್ರಿಯೆಲ್ಲ ಯಶವಂತಪುರದಲ್ಲಿ ರೈಲಿಳಿದವರ ಬಾಡಿಗೆ,
ಕಪ್ಪು ನಕ್ಷೆ, ನೀಲಿ ಬಾಣ.
ಮೂರು ವರ್ಷ ಒಂದೇ ಜಾಗದಲ್ಲಿ ಉರಿದು
ನೀಲಿ ಸವೆಯಿತು. ಈಗ ಬಿಳಿಯೊಳಗೆ
ಆ ಜಾಗ ಮಾತ್ರ ಹಳದಿ.

"ಮತ್ತೆ ರೋಡುಗಳು? ಹೆಬ್ಬಾಳ, ಗೊರಗುಂಟೆಪಾಳ್ಯ,
ಮಾಗಡಿ ರೋಡು, ಎಲ್ಲಾ ಇದರಲ್ಲೇ ನೋಡಿದ್ದು.
ಅವು ಯಾಕೆ ಅಂಟಲಿಲ್ಲ?"
ಅವು ಸರೀತಾ ಇದ್ದವು,
ಎಲ್ಲಾ ಚುಕ್ಕಿಗೂ ಚೂರು ಚೂರು ಹಂಚಿ ಹೋದವು.
ನಿಂತಿದ್ದು ಬಾಣ ಒಂದೇ.

ಕತ್ತಲಲ್ಲಿ ಫೋನನ್ನು ಮುಖದ ಹತ್ತಿರ ಹಿಡಿದುಕೊಂಡರು.
ಗಡ್ಡದ ಬಿಳಿ ಕೂದಲು ಒಂದೊಂದೂ ಕಂಡಿತು.
"ಓಡ್ತಾ ಇದ್ದೋನು ನಾನು ಅಂದ್ಕೊಂಡಿದ್ದೆ," ಅಂದರು.

ಹೊಸ ಪರದೆ ಆರು ಸಾವಿರದ ನಾನೂರು.
ಕಾಪಿ ಎರಡೂವರೆ; ಅದಕ್ಕೆ ಮತ್ತೆ ಬೆನ್ನ ದೀಪ,
ಕಪ್ಪು ಅನ್ನೋದು ಬೂದಿ.
ಬೆರಳ ಗೆಣ್ಣಿನ ಮೇಲೆ ಎರಡು ಸಲ ಲೆಕ್ಕ ಹಾಕಿ
"ಇರ್ಲಿ ಬಿಡು, ದಾರಿ ಕಾಣುತ್ತಲ್ಲ."
ಬೆಳಕು ತಗ್ಗಿಸಿ ಕೊಟ್ಟೆ. ಇಪ್ಪತ್ತು ರೂಪಾಯಿ ಇಡಹೋದರು,
ನಾನು ತಳ್ಳಿದೆ, ಅವರೂ ತಳ್ಳಿದರು.

ಅಷ್ಟರಲ್ಲಿ ಕರೆಂಟು ಬಂತು. ಟ್ಯೂಬ್‌ಲೈಟಿನ ಬೆಳಕಿಗೆ
ಬಾಣ ಎಲ್ಲಿದೆಯೋ ಕಾಣಲೇ ಇಲ್ಲ.
ಕೆಳಗೆ ಸಾಲು ಸಾಲು ಹಾರ್ನು, ಬೈಗುಳ:
ಅವರ ಆಟೋ ದಾರಿಗೆ ಅಡ್ಡ ನಿಂತಿತ್ತು.